ಮನ್ಯಾಸ್ತಂಭ ಮತ್ತು ಕೃಕಾಟಿಕೆ

ಪಾಶ್ಚಾತ್ಯ ವೈದ್ಯದ ‘ಟಾರ್ಟಿಕಾಲಿಸ್’ ಶಬ್ದಕ್ಕೆ ‘ಮನ್ಯಾಸ್ತಂಭ’ವೆಂಬ ಪ್ರತಿಪದವನ್ನು ಕೊಡುವುದು ರೂಢಿಯಾಗಿದೆ. ಲ್ಯಾಟಿನ್ ಮೂಲದಲ್ಲಿ ಅದಕ್ಕೆ ತಿರುಚಿದ ಕತ್ತೆಂದು ಅರ್ಥ. ಸ್ತಂಭವೆಂದರೆ ಸೆಟೆದು ನಿಲ್ಲುವುದು. ವಕ್ರತೆಯೂ ಸ್ತಬ್ಧತೆಯೂ ಒಂದೇ ಅಲ್ಲ. ಈ ಸಂಕರವು ಕೋಶಕಾರರಿಗೆ ಮಾತ್ರ ಸಂಬಂಧಿಸಿದ್ದರೆ ಉಪೇಕ್ಷಿಸಬಹುದಾಗಿತ್ತು. ಆದರೆ ನಿದಾನವು ತಪ್ಪಿದಲ್ಲಿ ಚಿಕಿತ್ಸೆಯೂ ತಪ್ಪುವುದಾದುದರಿಂದ ವಿಮರ್ಶೆಯು ಅವಶ್ಯವಾಗಿದೆ.

ಸುಶ್ರುತಸಂಹಿತೆಯಲ್ಲಿ ಈ ವಿಕಾರಗಳು ಬೇರೆಬೇರೆಯಾಗಿಯೇ ನಿರೂಪಿತವಾಗಿವೆ. ನಿದಾನಸ್ಥಾನದ ಮೊದಲನೆಯ ಅಧ್ಯಾಯದ ಪ್ರಕಾರ, ಹಗಲುನಿದ್ರೆ, ವಿಕೃತವಾದ ಆಸನ, ಊರ್ಧ್ವನಿರೀಕ್ಷಣೆ ಇವುಗಳಿಂದ ಕೆರಳಿ ಕಫಾವೃತವಾದ ವಾಯುವು ಮನ್ಯಾಸ್ತಂಭವನ್ನುಂಟುಮಾಡುವುದು. ಅದೇ ಅಧ್ಯಾಯದ ಅರ್ದಿತರೋಗದಲ್ಲಿ ಮುಖಾರ್ಧದೊಡನೆ ಕತ್ತೂ ತಿರುಗುವುದು. ಅದರ ಕಾರಣಗಳಲ್ಲಿ ಭಾರವಹನವೂ ಸೇರಿದೆ. ಶಾರೀರಸ್ಥಾನದಲ್ಲಾದರೋ, ಶಿರಸ್ಸೂ ಗ್ರೀವೆಯೂ ಕೂಡುವ ಸಂಧಿಯಲ್ಲಿ ಕೃಕಾಟಿಕೆಯೆಂಬ ಎರಡು ಮರ್ಮಗಳು ಹೇಳಲ್ಪಟ್ಟಿವೆ. ಅವಕ್ಕೆ ಪೆಟ್ಟಾದರೆ ತಲೆಯು ಸ್ಥಿರವಾಗಿ ನಿಲ್ಲದು.

ಚಿಕಿತ್ಸೆಯಲ್ಲಿಯೂ ಈ ಭೇದವುಂಟು. ಮನ್ಯಾಸ್ತಂಭಕ್ಕೆ ನಸ್ಯ, ರೂಕ್ಷಸ್ವೇದಗಳು ವಿಹಿತವಾಗಿವೆ. ಗ್ರೀವೆಯ ಭಂಗದಲ್ಲಾದರೆ ಹಿಂಗತ್ತನ್ನೂ ದವಡೆಗಳನ್ನೂ ಹಿಡಿದು ಮೇಲಕ್ಕೆತ್ತಿ, ದಬ್ಬೆಯಿಟ್ಟು ಕಟ್ಟಿ, ಏಳು ರಾತ್ರಿ ಅಂಗಾತ ಮಲಗಿಸಬೇಕೆಂದು ಭಗ್ನಚಿಕಿತ್ಸೆಯು ವಿಧಿಸುತ್ತದೆ. ನಮ್ಮ ಆಡುನುಡಿಯೂ ‘ಕತ್ತು ಹಿಡಿದಿದೆ’, ‘ಕತ್ತು ಸೊಟ್ಟಗಾಗಿದೆ’, ‘ಕತ್ತು ಉಳುಕಿದೆ’ ಎಂದು ಮೂರನ್ನು ಬೇರ್ಪಡಿಸುವುದು ಗಮನಾರ್ಹವಾಗಿದೆ.

ಈ ಕಾರಣಗಳು ಒಂದೆಡೆ ಕೂಡುವ ಸ್ಥಳಕ್ಕೆ ಕೋಲಾರದ ಚಿನ್ನದ ಗಣಿಗಳ ಊರಿಗಾಂ ಸೀಮೆಯು ನಿದರ್ಶನವಾಗಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಕೈಗೊಂಡ ಈ ಗಣಿಗಾರಿಕೆಯು ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕಿಳಿದು, 2001ರ ಫೆಬ್ರವರಿ 28ರಂದು ನಿಂತುಹೋಯಿತು. ಸಡಿಲವಾದ ಬಂಡೆಗಾಗಿ ಮೇಲ್ಭಾಗವನ್ನು ನೋಡುವುದು, ಭಾರ ಹೊರುವುದು, ಬಂಡೆಯ ಸಿಡಿತಕ್ಕೆ ಸಿಕ್ಕುವುದು ಇವು ಅಂತಹ ಗಣಿಯ ಕೆಲಸಕ್ಕೆ ಅಂಟಿಕೊಂಡೇ ಇದ್ದವು. ಸಂಹಿತೆಯಲ್ಲಿ ಕಾಣದ ಮತ್ತೊಂದು ಕಾರಣವೂ ಈ ಜಿಲ್ಲೆಯಲ್ಲಿದೆ: ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದೆ. ಅಂತಹ ನೀರನ್ನು ಬಹುಕಾಲ ಕುಡಿದವರಲ್ಲಿ ಮೂಳೆಗಳೂ ಅಸ್ಥಿಬಂಧಗಳೂ ಗಡುಸಾಗಿ ಕತ್ತು ಸೆಟೆಯಬಹುದು.

ತಲೆಯ ಹೊರಳುವಿಕೆಯಲ್ಲಿ ಸುಮಾರು ಅರ್ಧವು ಕತ್ತಿನ ಮೊದಲೆರಡು ಕಶೇರುಗಳ ನಡುವೆಯೇ ನಡೆಯುವುದೆಂದು ಆಧುನಿಕರು ನಿರ್ಣಯಿಸಿರುವರು. ಮಕ್ಕಳಲ್ಲಿ ಗಂಟಲು ಮೂಗುಗಳ ಸೋಂಕಿನ ತರುವಾಯ ಈ ಸಂಧಿಯು ಜಾರಿ ಕತ್ತು ತಿರುಚಿಕೊಳ್ಳಬಹುದೆಂಬುದನ್ನು 1930ರಲ್ಲಿ ಫ್ರಾನ್ಸಿನ ಗ್ರಿಸೆಲ್ ವಿವರಿಸಿದನು. ಆ ವ್ಯಾಧಿಗೆ ಅವನ ಹೆಸರೇ ಉಳಿದಿದೆ. ಶಿಶುಗಳಲ್ಲಿ ಕಾಣುವ ವಕ್ರತೆಯು ಬಹುಮಟ್ಟಿಗೆ ಒಂದು ಪಾರ್ಶ್ವದ ಸ್ನಾಯುವು ಗಿಡ್ಡವಾದುದರಿಂದ ಆದುದು. ಮೊದಲ ತಿಂಗಳುಗಳಲ್ಲಿಯೇ ಗುರುತಿಸಿ ಕ್ರಮವಾಗಿ ನೀವಿ ಹಿಗ್ಗಿಸಿದರೆ ಪ್ರಾಯಶಃ ಶಸ್ತ್ರವು ಬೇಕಾಗುವುದಿಲ್ಲ.

ಆದುದರಿಂದ ಸ್ತಂಭವೋ, ವಕ್ರತೆಯೋ, ಸಂಧಿಭ್ರಂಶವೋ ಎಂಬುದನ್ನು ಮೊದಲು ನಿಶ್ಚಯಿಸತಕ್ಕದ್ದು. ಪೆಟ್ಟು, ಜ್ವರ ಅಥವಾ ಗಂಟಲುಬೇನೆಯ ಬಳಿಕ ಕತ್ತು ತಿರುಗಿ ನಿಂತರೆ, ಕೈಕಾಲುಗಳು ಜೋಮುಹಿಡಿದರೆ, ನಡಿಗೆ ತಪ್ಪಿದರೆ, ಉಳುಕು ತೆಗೆಯುವವರ ಕೈಗೆ ಕತ್ತನ್ನು ಒಪ್ಪಿಸಲಾಗದು. ಸಂಧಿಯು ಜಾರಿರುವಲ್ಲಿ ತಿರುಚಿದರೆ ಮಿದುಳುಬಳ್ಳಿಗೇ ಅಪಾಯವುಂಟು. ಕತ್ತನ್ನು ಅಲುಗಿಸದೆ ವೈದ್ಯರಿಂದ ಚಿತ್ರಪರೀಕ್ಷೆ ಮಾಡಿಸತಕ್ಕದ್ದು. ಸುಶ್ರುತನು ಕೃಕಾಟಿಕೆಯನ್ನು ಮರ್ಮವೆಂದು ಎಣಿಸಿದುದರ ತಾತ್ಪರ್ಯವೂ ಇದೇ ಎಂದು ತೋರುತ್ತದೆ. ಒಂದೇ ಪ್ರತಿಪದದಿಂದ ಆ ವಿವೇಕವನ್ನು ನಾವು ಮರೆಮಾಡಬಾರದು.