ಈಸ್ಟರಿಗಾಗಿ ಬಿಟ್ಟ ಹತ್ತು ದಿನ

ಈಸ್ಟರ್ ಯಾಕೆ ಪ್ರತಿವರ್ಷ ಒಂದೇ ತಾರೀಕಿಗೆ ಬರಲ್ಲ ಅಂತ ಮಕ್ಕಳು ಕೇಳ್ತಾರೆ. ಯುಗಾದಿಯಂತೆ ಅದಕ್ಕೂ ಚಂದ್ರನ ಲೆಕ್ಕ ಉಂಟು.

ಯೇಸು ಸತ್ತು ಮೂರನೇ ದಿನ ಎದ್ದದ್ದು ಯೆಹೂದ್ಯರ ಪಸ್ಕ ಹಬ್ಬದ ಹೊತ್ತಿಗೆ ಎನ್ನುತ್ತದೆ ಬೈಬಲ್ಲು. ಆ ಸೀಮೆಯಲ್ಲಿ ಅದು ವಸಂತ, ಜವೆಗೋಧಿ ತೆನೆಗಟ್ಟುವ ಕಾಲ. ಮಣ್ಣಿಗೆ ಬಿದ್ದ ಕಾಳು ತೆನೆಯಾಗಿ ನಿಂತದ್ದನ್ನು ಕಂಡ ರೈತಾಪಿ ಜನಕ್ಕೆ ಪುನರುತ್ಥಾನದ ನಿರೀಕ್ಷೆಯನ್ನು ಬೇರೆ ಬಿಡಿಸಿ ಹೇಳಬೇಕಿತ್ತೇ?

ಮುಂದೆ ಚರ್ಚಿನವರು ಮಾರ್ಚ್ 21ರಿಂದಾಚೆಯ ಮೊದಲ ಹುಣ್ಣಿಮೆ ಕಳೆದ ಭಾನುವಾರ ಹಬ್ಬ ಅಂತ ಗೊತ್ತು ಮಾಡಿದರು. ಆದರೆ ಹಳೇ ಕ್ಯಾಲೆಂಡರಿನ ವರ್ಷ ಸುಮಾರು 11 ನಿಮಿಷ ಉದ್ದ. ನಿಮಿಷ ಕೂಡಿ ಕೂಡಿ, ಹಗಲು-ರಾತ್ರಿ ಸಮವಾಗುವ ದಿನ ಮಾರ್ಚ್ 11ಕ್ಕೆ ಬಂದಿತ್ತು; ಹಬ್ಬ ಬೇಸಿಗೆಯತ್ತ ಜಾರುತ್ತಿತ್ತು. 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗರಿ ಅಕ್ಟೋಬರ್ 4ರ ಮಾರನೇ ದಿನವೇ 15 ಅಂತ ಸಾರಿದರು. ಹತ್ತು ದಿನ ಹೋದರೆ ಹೋಗಲಿ, ಹಬ್ಬ ಚಿಗುರಿನ ಕಾಲ ಬಿಡಬಾರದು! ಪೋಪರ ಲೆಕ್ಕ ಬೇಡವೆಂದಿದ್ದ ಬ್ರಿಟನ್ನು ಒಪ್ಪಿದ್ದು 1752ರಲ್ಲಿ. ಅಷ್ಟರಲ್ಲಿ ಅವರು ಬಿಡಬೇಕಾದ ದಿನ 11 ಆಗಿತ್ತು.