ಹೊಸ ಊರು, ಹೊಸ ಮೈದಾನ: ಮುಂಬಯಿಯಲ್ಲಿ ಆಟದ ತಂಡವನ್ನು ಅರಸುವ ಕನ್ನಡ ಕುಟುಂಬಗಳಿಗೆ

ಉದ್ಯೋಗದ ನಿಮಿತ್ತ ವರ್ಗಾವಣೆಗೊಂಡು ಮುಂಬಯಿಗೆ ಬರುವ ಕನ್ನಡ ಕುಟುಂಬಗಳ ಮೊದಲ ಕೆಲವು ತಿಂಗಳುಗಳು ಮನೆ, ಗ್ಯಾಸ್ ಸಂಪರ್ಕ, ಮಕ್ಕಳ ಶಾಲಾ ಪ್ರವೇಶ ಇವುಗಳಲ್ಲೇ ಕಳೆದುಹೋಗುತ್ತವೆ. ಇವೆಲ್ಲ ಒಂದು ಹದಕ್ಕೆ ಬಂದ ಮೇಲೆಯೇ, ಊರಿನಲ್ಲಿ ಶಾಲೆ ಬಿಟ್ಟೊಡನೆ ಗದ್ದೆಗೋ ಬಯಲಿಗೋ ಓಡುತ್ತಿದ್ದ ಮಗು ಸಂಜೆ ಕಿಟಕಿಯ ಬಳಿ ಸುಮ್ಮನೆ ಕುಳಿತಿರುವುದು ತಂದೆತಾಯಿಯರ ಕಣ್ಣಿಗೆ ಬೀಳುತ್ತದೆ. ಊರಿನಲ್ಲಿ ತಂಡವೆಂಬುದು ತಾನಾಗಿಯೇ ಒದಗಿಬರುತ್ತದೆ. ಮುಂಬಯಿಯಲ್ಲಿ ಹಾಗಲ್ಲ. ಇಲ್ಲಿಯ ಆಟಕ್ಕೆ ತನ್ನದೇ ಆದ ಪಂಚಾಂಗವಿದೆ, ಗಡಿಗಳಿವೆ, ನೋಂದಣಿಯ ಕಾಗದಪತ್ರಗಳಿವೆ. ಇವನ್ನು ಮೊದಲೇ ತಿಳಿದಿದ್ದರೆ ಒಂದು ವರ್ಷ ಉಳಿಯುತ್ತದೆ. ಹದಿನಾಲ್ಕರ ಹರೆಯದ ಆಟಗಾರನಿಗೆ ಒಂದು ವರ್ಷವೆಂದರೆ ಸಣ್ಣ ಮಾತಲ್ಲ.

ಶಾಲೆಯೇ ಮೊದಲ ತಂಡ

ಮುಂಬಯಿಯಲ್ಲಿ ಬಾಲಕರ ಕ್ರಿಕೆಟಿನ ಹೆಬ್ಬಾಗಿಲು ಶಾಲೆ. 1893ರಲ್ಲಿ ಸ್ಥಾಪನೆಗೊಂಡ ಮುಂಬಯಿ ಶಾಲೆಗಳ ಕ್ರೀಡಾ ಸಂಸ್ಥೆಯು 16 ವರ್ಷದೊಳಗಿನವರಿಗಾಗಿ ಹ್ಯಾರಿಸ್ ಶೀಲ್ಡ್, 14 ವರ್ಷದೊಳಗಿನವರಿಗಾಗಿ ಗೈಲ್ಸ್ ಶೀಲ್ಡ್ ಪಂದ್ಯಾವಳಿಗಳನ್ನು ನಡೆಸಿಕೊಂಡು ಬಂದಿದೆ. ಇವೆರಡರಲ್ಲೂ ಆಡುವುದು ಶಾಲಾ ತಂಡಗಳೇ ಹೊರತು ಕ್ಲಬ್ಬುಗಳಲ್ಲ. ಆದ್ದರಿಂದ ಶಾಲೆಯನ್ನು ಆರಿಸುವಾಗ ಪರೀಕ್ಷಾ ಫಲಿತಾಂಶದ ಜೊತೆಗೆ, ಈ ಶಾಲೆ ತಂಡವನ್ನು ಇಳಿಸುತ್ತದೆಯೇ, ಯಾವ ಆಟದಲ್ಲಿ ಇಳಿಸುತ್ತದೆ, ತರಬೇತುದಾರರು ಇದ್ದಾರೆಯೇ ಎಂಬುದನ್ನೂ ಕೇಳಬೇಕು. ಹೀಗೆ ಕೇಳಲು ನಮ್ಮವರು ಸಂಕೋಚಪಡುವುದನ್ನು ನೋಡಿದ್ದೇನೆ. ಸಂಕೋಚ ಬೇಕಿಲ್ಲ, ಸಚಿನ್ ತೆಂಡೂಲ್ಕರ್ ಬಾಂದ್ರಾದ ಶಾಲೆಯನ್ನು ಬಿಟ್ಟು ದಾದರಿನ ಶಾರದಾಶ್ರಮ ವಿದ್ಯಾಮಂದಿರವನ್ನು ಸೇರಿದ್ದು ಗುರು ರಮಾಕಾಂತ ಆಚ್ರೇಕರರ ಸಲಹೆಯಂತೆ, ಆಟಕ್ಕಾಗಿಯೇ. ದಿನದಿನದ ಪ್ರಯಾಣದ ಆಯಾಸ ತಪ್ಪಿಸಲು ಅವರು ಶಿವಾಜಿ ಪಾರ್ಕಿನ ಸಮೀಪದ ಚಿಕ್ಕಪ್ಪ-ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡರು. 1988ರ ಫೆಬ್ರವರಿಯಲ್ಲಿ ಆಜಾದ್ ಮೈದಾನದಲ್ಲಿ ವಿನೋದ್ ಕಾಂಬ್ಳಿಯವರೊಡನೆ ಅವರು ಪೇರಿಸಿದ 664 ಓಟಗಳ ಮುರಿಯದ ಜೊತೆಯಾಟ ಹ್ಯಾರಿಸ್ ಶೀಲ್ಡ್ ಪಂದ್ಯದ್ದೇ. ಮಂಗಳೂರು ಮೂಲದ ರವಿ ಶಾಸ್ತ್ರಿಯವರೂ ಮೊದಲು ಗಮನ ಸೆಳೆದದ್ದು ಮಾಟುಂಗಾದ ಡಾನ್ ಬಾಸ್ಕೊ ಶಾಲೆಯ ನಾಯಕನಾಗಿ, 1977ರಲ್ಲಿ ಗೈಲ್ಸ್ ಶೀಲ್ಡ್ ಗೆದ್ದುಕೊಂಡಾಗ.

ಇವರಿಗೂ ಮೊದಲು ಈ ಹಾದಿಯಲ್ಲಿ ನಡೆದವರು ಬುಧಿ ಕುಂದರನ್. 1939ರಲ್ಲಿ ಮುಲ್ಕಿಯಲ್ಲಿ ಜನಿಸಿ ಮುಂಬಯಿಯಲ್ಲಿ ಬೆಳೆದ ಅವರು, ರಣಜಿ ಟ್ರೋಫಿಯಲ್ಲಿ ಆಡುವ ಮುನ್ನವೇ 1960ರ ಜನವರಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ಆಡಿದರು. 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ಓಟ ಗಳಿಸಿದರು. ಮುಂದೆ ರಣಜಿಯಲ್ಲಿ ಮೈಸೂರು ತಂಡಕ್ಕೂ ಆಡಿದರು. ಆಮೇಲೆ ಸ್ಕಾಟ್ಲೆಂಡಿಗೆ ಹೋಗಿ ನೆಲೆಸಿದಾಗಲೂ ಅವರು ಆಟವನ್ನು ಬಿಡಲಿಲ್ಲ. ಅಲ್ಲಿಯ ಡ್ರಂಪೆಲಿಯರ್ ಕ್ಲಬ್ಬಿನಲ್ಲಿ ಆಡಿದರು, ಸ್ಕಾಟ್ಲೆಂಡ್ ತಂಡವನ್ನೂ ಪ್ರತಿನಿಧಿಸಿದರು. ಕರಾವಳಿಯ ಒಬ್ಬ ಹುಡುಗ ಮೂರು ಊರುಗಳಲ್ಲಿ ಮೂರು ಬಾರಿ ತಂಡವನ್ನು ಹುಡುಕಿಕೊಂಡ ಕಥೆಯಿದು. ನಮ್ಮ ಸಂಘಗಳ ಸಮಾರಂಭಗಳಲ್ಲಿ ಅವರ ಹೆಸರು ಇನ್ನಷ್ಟು ಕೇಳಿಬರಬೇಕಿತ್ತು.

ಹೆಸರಿನ ತೊಡಕು

ಕಾಗದಪತ್ರಗಳ ವಿಚಾರದಲ್ಲಿ ನಮ್ಮವರಿಗೆಂದೇ ಕಾದಿರುವ ಒಂದು ತೊಡಕಿದೆ. ಕರ್ನಾಟಕದಲ್ಲಿ ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರವನ್ನು ಇನಿಷಿಯಲ್ ಆಗಿ ಬರೆಯುವುದು ವಾಡಿಕೆ. ಮಹಾರಾಷ್ಟ್ರದಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮ. ಹೀಗಾಗಿ ಜನನ ಪ್ರಮಾಣಪತ್ರದಲ್ಲಿ ಒಂದು ಹೆಸರು, ಆಧಾರ್ ಚೀಟಿಯಲ್ಲಿ ಇನ್ನೊಂದು, ಇಲ್ಲಿಯ ಶಾಲೆಯ ದಾಖಲೆಯಲ್ಲಿ ಮತ್ತೊಂದು ಎಂಬಂತಾಗುತ್ತದೆ. ಕ್ರೀಡೆಯಲ್ಲಿ ವಯಸ್ಸಿನ ಪರಿಶೀಲನೆ ಕಟ್ಟುನಿಟ್ಟು. 16 ವರ್ಷದೊಳಗಿನ ಕ್ರಿಕೆಟ್ ಆಟಗಾರರಿಗೆ ಭಾರತೀಯ ಕ್ರಿಕೆಟ್ ಮಂಡಳಿಯು ಎಡಗೈ ಮಣಿಕಟ್ಟಿನ ಎಕ್ಸ್‌ರೇ ಮೂಲಕ ಮೂಳೆಯ ವಯಸ್ಸನ್ನು ಅಳೆಯುವ ಪರೀಕ್ಷೆಯನ್ನೂ ಮಾಡಿಸುತ್ತದೆ. ಇಂತಹ ಕಡೆ ಹೆಸರುಗಳು ತಾಳೆಯಾಗದಿದ್ದರೆ ಅರ್ಜಿ ಮೇಜಿನ ಮೇಲೆಯೇ ಉಳಿಯುತ್ತದೆ.

ನಮ್ಮ ಬಂಧುಗಳ ಹುಡುಗನೊಬ್ಬ ಉಡುಪಿ ಕಡೆಯಿಂದ ಒಂಬತ್ತನೆಯ ತರಗತಿಗೆ ಇಲ್ಲಿಗೆ ಬಂದ. ಒಳ್ಳೆಯ ಎಡಗೈ ಸ್ಪಿನ್ನರ್. ಶಾಲಾ ತಂಡಕ್ಕೆ ಆಯ್ಕೆಯೂ ಆದ. ಆದರೆ ಇನಿಷಿಯಲ್ ಬಿಡಿಸಿ ಬರೆದ ಹೆಸರಿಗೂ ಜನನ ಪತ್ರದ ಹೆಸರಿಗೂ ಹೊಂದಾಣಿಕೆಯಾಗದೆ, ತಿದ್ದುಪಡಿಗಾಗಿ ಅವನ ತಂದೆ ಎರಡು ಬಾರಿ ಊರಿಗೆ ಹೋಗಿಬರುವಷ್ಟರಲ್ಲಿ ನೋಂದಣಿಯ ಅವಧಿ ಮುಗಿದಿತ್ತು. ಮುಂದಿನ ವರ್ಷ ಹತ್ತನೆಯ ತರಗತಿ. ಅದರ ಮುಂದಿನ ವರ್ಷ ವಯೋಮಿತಿ ದಾಟಿತು. ಹುಡುಗ ಯಾರನ್ನೂ ದೂರಲಿಲ್ಲ, ಆದರೆ ಹ್ಯಾರಿಸ್ ಶೀಲ್ಡಿನ ಸುದ್ದಿ ಬಂದ ದಿನ ಅವನು ಪತ್ರಿಕೆಯ ಕ್ರೀಡಾಪುಟವನ್ನು ತೆರೆಯುತ್ತಿರಲಿಲ್ಲ ಎಂದು ಅವನ ತಾಯಿ ಹೇಳಿದ್ದು ನೆನಪಿದೆ. ಊರು ಬಿಡುವ ಮುನ್ನವೇ ಹೆಸರನ್ನು ಎಲ್ಲ ಪತ್ರಗಳಲ್ಲೂ ಒಂದೇ ರೀತಿ ಮಾಡಿಸಿಕೊಳ್ಳಿ. ಮಗು ಮೊದಲೇ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಪರವಾಗಿ ಆಡಿದ್ದರೆ ಅಲ್ಲಿಯ ನಿರಾಕ್ಷೇಪಣಾ ಪತ್ರವನ್ನೂ ತಂದಿರಬೇಕು.

ಕ್ಲಬ್ಬುಗಳು ಮತ್ತು ಮೈದಾನಗಳು

ಶಾಲೆಯ ಹೊರಗೆ ಕ್ರಿಕೆಟ್ ಜೀವಂತವಾಗಿರುವುದು ಮೈದಾನಗಳಲ್ಲಿ. ದಕ್ಷಿಣದಲ್ಲಿ ಆಜಾದ್, ಕ್ರಾಸ್, ಓವಲ್; ಮಧ್ಯದಲ್ಲಿ ಶಿವಾಜಿ ಪಾರ್ಕ್ ಮತ್ತು ಮಾಟುಂಗಾ. ಆಜಾದ್ ಮೈದಾನವೊಂದರಲ್ಲೇ 22 ಪಿಚ್‌ಗಳಿವೆಯೆಂಬುದು ಪ್ರಸಿದ್ಧ. ಒಂದು ಪಂದ್ಯದ ಕವರ್ ಕ್ಷೇತ್ರರಕ್ಷಕ ಪಕ್ಕದ ಪಂದ್ಯದ ಫೈನ್ ಲೆಗ್ಗಿನ ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತಾನೆ. ಮೊದಲ ಬಾರಿ ನೋಡಿದವರಿಗೆ ಯಾವ ಚೆಂಡು ಯಾವ ಆಟದ್ದೆಂದೇ ತಿಳಿಯದು. ಮೈದಾನದ ಅಂಚಿನಲ್ಲಿ ಕ್ಲಬ್ಬುಗಳ ಡೇರೆಗಳಿರುತ್ತವೆ. ಯಾವ ಕ್ಲಬ್ ಹೊಸ ಹುಡುಗರನ್ನು ತೆಗೆದುಕೊಳ್ಳುತ್ತಿದೆ, ನೆಟ್ಸ್ ಎಷ್ಟು ಹೊತ್ತಿಗೆ ಎಂಬುದನ್ನು ಫಲಕಗಳಿಗಿಂತ ಚೆನ್ನಾಗಿ ಹೇಳಬಲ್ಲವನು ಪಿಚ್ ನೋಡಿಕೊಳ್ಳುವ ಮಾಳಿ. ಭಾನುವಾರ ಬೆಳಗ್ಗೆ ಹೋಗಿ ಅವನನ್ನೇ ವಿಚಾರಿಸುವುದು ಲೇಸು.

ಕ್ಲಬ್ ಕ್ರಿಕೆಟಿನ ಬೆನ್ನೆಲುಬು 1948ರಲ್ಲಿ ಆರಂಭಗೊಂಡ ಕಾಂಗಾ ಲೀಗ್. ಡಾ. ಹೊರ್ಮಸ್‌ಜಿ ಕಾಂಗಾ ಅವರ ಹೆಸರಿನ ಈ ಲೀಗ್ ಮಳೆಗಾಲದ್ದು. ಮುಚ್ಚದ ಪಿಚ್ ಒದ್ದೆಯಾಗಿ ಚೆಂಡು ಹೇಗೆಂದರೆ ಹಾಗೆ ತಿರುಗುತ್ತದೆ; ಉದ್ದ ಬೆಳೆದ ಹುಲ್ಲಿನಲ್ಲಿ ನೆಲದ ಹೊಡೆತ ಗಡಿ ಮುಟ್ಟದೆ ಬ್ಯಾಟುಗಾರ ಎತ್ತಿ ಹೊಡೆಯಲೇಬೇಕಾಗುತ್ತದೆ. ಎ ವಿಭಾಗದಿಂದ ಜಿ ವಿಭಾಗದವರೆಗೆ ಇಲ್ಲಿ ಹಂತಗಳಿವೆ. ಕೆಳಗಿನ ವಿಭಾಗಗಳಲ್ಲಿ ಶಾಲಾ ಹುಡುಗನೂ ನಲವತ್ತರ ಬ್ಯಾಂಕ್ ನೌಕರನೂ ಒಂದೇ ತಂಡದಲ್ಲಿ ಆಡುತ್ತಾರೆ. ತೆಂಡೂಲ್ಕರ್ ಇಲ್ಲಿ ಮೊದಲು ಆಡಿದ್ದು 1984ರಲ್ಲಿ, ಹನ್ನೊಂದರ ಪ್ರಾಯದಲ್ಲಿ, ಜಾನ್ ಬ್ರೈಟ್ ಕ್ಲಬ್ಬಿಗೆ. ಇನ್ನೊಂದು ತುದಿಯಲ್ಲಿ ಪ್ರವೀಣ್ ತಾಂಬೆ: ಮುಂಬಯಿಯ ಕ್ಲಬ್ ಹಾಗೂ ಕಂಪೆನಿ ತಂಡಗಳಲ್ಲೇ ಎರಡು ದಶಕ ಸವೆಸಿ, 2013ರಲ್ಲಿ 41ರ ವಯಸ್ಸಿನಲ್ಲಿ ಐಪಿಎಲ್ ಪ್ರವೇಶಿಸಿದರು. ಲೀಗಿಗೆ ತಂಡಗಳು ಸಿದ್ಧವಾಗುವುದು ಮಳೆಗೆ ಮುಂಚೆ. ಜೂನ್‌ನಲ್ಲಿ ಬಂದವರು ಜುಲೈಯಲ್ಲಿ ಕೇಳಿದರೆ ತಡವಾಗಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲೇ ವಿಚಾರಿಸಬೇಕು.

ಗಡಿಯ ವಿಷಯವನ್ನೂ ಗಮನಿಸಬೇಕು. ಮಹಾರಾಷ್ಟ್ರದಲ್ಲಿ ಮೂರು ಕ್ರಿಕೆಟ್ ಸಂಸ್ಥೆಗಳಿವೆ: ಮುಂಬಯಿ, ಪುಣೆ ಕೇಂದ್ರದ ಮಹಾರಾಷ್ಟ್ರ, ನಾಗಪುರ ಕೇಂದ್ರದ ವಿದರ್ಭ. ಠಾಣೆ, ಡೊಂಬಿವಲಿಗಳಲ್ಲಿ ನೆಲೆಸಿದ ನಮ್ಮವರ ಮಕ್ಕಳು ಮುಂಬಯಿ ಸಂಸ್ಥೆಯ ವ್ಯಾಪ್ತಿಗೇ ಬರುತ್ತಾರೆ. ಪಾಲ್ಘರ್‌ನಿಂದ ದಿನವೂ ರೈಲಿನಲ್ಲಿ ಬಂದು ಆಡಿದ ಶಾರ್ದುಲ್ ಠಾಕೂರ್ ಮುಂಬಯಿ ಆಟಗಾರರೇ. ಪುಣೆಗೆ ವರ್ಗವಾದರೆ ಮಾತ್ರ ಸಂಸ್ಥೆ ಬದಲಾಗುತ್ತದೆ.

ಕಬಡ್ಡಿ ಮತ್ತು ಇತರ ಆಟಗಳು

ಕ್ರಿಕೆಟ್ ದುಬಾರಿಯೆನಿಸುವ ಕುಟುಂಬಗಳಿಗೆ ಕಬಡ್ಡಿ ಸಹಜವಾದ ಹಾದಿ. ಲಾಲ್‌ಬಾಗ್, ಪರೇಲ್, ಪ್ರಭಾದೇವಿಗಳ ಹಳೆಯ ಗಿರಣಿ ಬಡಾವಣೆಗಳಲ್ಲಿ ಇದು ಮನೆಮಾತು. ಹಿರಿಯರು ಇಂದಿಗೂ ‘ಹುತುತು’ ಎನ್ನುತ್ತಾರೆ. ಪಂದ್ಯಾವಳಿಗಳು ಹೆಚ್ಚಾಗಿ ಮಳೆ ನಿಂತ ಮೇಲೆ, ಸಂಜೆ ದೀಪದ ಬೆಳಕಿನಲ್ಲಿ ನಡೆಯುತ್ತವೆ. ಇಲ್ಲಿ ಗಡಿ ಬೇರೆ ಬಗೆಯದು: ಮುಂಬಯಿ ನಗರ, ಉಪನಗರ, ಠಾಣೆಗಳಿಗೆ ಪ್ರತ್ಯೇಕ ಜಿಲ್ಲಾ ಸಂಘಟನೆಗಳಿವೆ. ವಯಸ್ಸಿನ ಜೊತೆಗೆ ತೂಕದ ಮಿತಿಯೂ ಇದೆ. ಹಿರಿಯ ಪುರುಷರಿಗೆ 85 ಕಿಲೋ, ಮಹಿಳೆಯರಿಗೆ 75 ಕಿಲೋ. ಊರಿನ ಮಣ್ಣಿನಲ್ಲಿ ಆಡಿದವರು ಇಲ್ಲಿ ಮ್ಯಾಟಿಗೆ ಒಗ್ಗಿಕೊಳ್ಳಬೇಕು. ಶೂ ಧರಿಸಿ ಮ್ಯಾಟಿನ ಮೇಲೆ ತಿರುಗುವಾಗ ಮೊಣಕಾಲು ಜೋಪಾನ.

ಖೋಖೋ, ಮಲ್ಲಕಂಬಗಳಿಗೆ ಶಿವಾಜಿ ಪಾರ್ಕಿನ ಶ್ರೀ ಸಮರ್ಥ ವ್ಯಾಯಾಮ ಮಂದಿರ, ಬಾಸ್ಕೆಟ್‌ಬಾಲಿಗೆ ಮಾಟುಂಗಾದ ಇಂಡಿಯನ್ ಜಿಮಖಾನಾ ಹೆಸರುವಾಸಿ. ಫುಟ್ಬಾಲಿನಲ್ಲಿ ಮುಂಬಯಿಗೂ ಬೆಂಗಳೂರಿಗೂ ಹಳೆಯ ನಂಟಿದೆ: ಇಲ್ಲಿಯ ರೋವರ್ಸ್ ಕಪ್ಪನ್ನು 1937 ಮತ್ತು 1938ರಲ್ಲಿ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಇಂದು ಉಪನಗರಗಳಲ್ಲಿ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವ ಕೃತಕ ಹುಲ್ಲಿನ ಅಂಗಣಗಳಿವೆ. ಜೊತೆಗಾರರನ್ನು ಪರಿಚಯಿಸಿಕೊಳ್ಳಲು ಇವು ಸಾಕು, ಆದರೆ ಇವನ್ನೇ ತರಬೇತಿಯೆಂದು ಭಾವಿಸಬಾರದು.

ಹೆಣ್ಣುಮಕ್ಕಳ ಪಾಲಕರು ಶಾಲೆಯಲ್ಲಿ ಒಂದು ಪ್ರಶ್ನೆಯನ್ನು ಹೆಚ್ಚಾಗಿ ಕೇಳಬೇಕು: ಜಿಲ್ಲಾ ಕ್ರೀಡಾಧಿಕಾರಿಗಳ ಶಾಲಾ ಸ್ಪರ್ಧೆಗಳಿಗೆ ಹುಡುಗಿಯರ ತಂಡವನ್ನು ಕಳುಹಿಸುತ್ತೀರಾ? 14, 17 ಮತ್ತು 19 ವರ್ಷದೊಳಗಿನ ವಿಭಾಗಗಳಲ್ಲಿ ನಡೆಯುವ ಈ ಸ್ಪರ್ಧೆಗಳಿಗೆ, ಕೇಳುವವರಿಲ್ಲವೆಂಬ ಕಾರಣಕ್ಕೇ ತಂಡ ಕಳುಹಿಸದ ಶಾಲೆಗಳುಂಟು.

ನಮ್ಮ ಸಂಘ-ಸಂಸ್ಥೆಗಳ ವಾರ್ಷಿಕ ಕ್ರೀಡಾಕೂಟಗಳು ಇವುಗಳಿಗೆ ಪರ್ಯಾಯವಲ್ಲ. ತ್ರೋಬಾಲ್, ಹಗ್ಗಜಗ್ಗಾಟ, ಕಬಡ್ಡಿಗಳೊಡನೆ ಒಂದು ಭಾನುವಾರ ಸೊಗಸಾಗಿ ಕಳೆಯುತ್ತದೆ ಅಷ್ಟೆ. ಆದರೆ ಯಾವ ಮೈದಾನದಲ್ಲಿ ಯಾರು ಕಲಿಸುತ್ತಾರೆ, ಯಾವ ಕ್ಲಬ್ಬಿನ ಶುಲ್ಕ ನ್ಯಾಯವಾದದ್ದು ಎಂಬುದನ್ನು ಕನ್ನಡದಲ್ಲೋ ತುಳುವಿನಲ್ಲೋ ಹೇಳಬಲ್ಲ ಹಿರಿಯ ಆಟಗಾರರು ಸಿಗುವುದು ಅಲ್ಲಿಯೇ. ಊಟದ ಪಂಕ್ತಿಯಲ್ಲಿ ಅವರ ಪಕ್ಕದಲ್ಲಿ ಕುಳಿತುಕೊಳ್ಳಿ.

ಕೊನೆಯದಾಗಿ ರೈಲಿನ ಮಾತು. ಕಿಟ್ ಹೊತ್ತ ಹುಡುಗನಿಗೆ ಬೆಳಗಿನ ದಟ್ಟಣೆಯಲ್ಲಿ ಸಾಮಾನ್ಯ ಡಬ್ಬಿ ಹತ್ತುವುದು ಕಷ್ಟ, ಅಪಾಯವೂ ಹೌದು. ಕ್ರಾಸ್ ಮತ್ತು ಓವಲ್ ಮೈದಾನಗಳಿಗೆ ಚರ್ಚ್‌ಗೇಟಿನಲ್ಲೂ, ಆಜಾದ್ ಮೈದಾನಕ್ಕೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲೂ ಇಳಿದು ನಡೆದೇ ಹೋಗಬಹುದು. ಮೊದಲ ಒಂದು ತಿಂಗಳು ಮನೆಯ ಹಿರಿಯರೊಬ್ಬರು ಜೊತೆಗಿರಲಿ.