ಆನರ್ಸ್ ಪ್ರಬಂಧಕ್ಕೆ ಬೇಕಾದ ಮೇಷ್ಟ್ರ ಸಮಯ

ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿ ತನ್ನದೇ ಒಂದು ಪ್ರಶ್ನೆಯನ್ನು ಹಿಡಿದು, ವರ್ಷವಿಡೀ ಅದರ ಬೆನ್ನುಹತ್ತಿ, ನೂರು ಪುಟದ ಆಸುಪಾಸಿನ ಪ್ರಬಂಧವನ್ನು ಬರೆದೊಪ್ಪಿಸುವ ಪದ್ಧತಿ ಅಮೆರಿಕದ ಕೆಲವು ಕಾಲೇಜುಗಳಲ್ಲಿ ಬೇರೂರಿ ಸುಮಾರು ಒಂದು ಶತಮಾನವಾಯಿತು. ಇಂಥ ಆನರ್ಸ್ ಪ್ರಬಂಧದ ಮಾತು ಬಂದಾಗ ನಾವು ಹೊಗಳುವುದು ಹುಡುಗರ ಜಾಣತನವನ್ನು, ಕಳೆದ ರಾತ್ರಿಗಳನ್ನು, ಪಟ್ಟ ಪಾಡನ್ನು. ಅದರ ಚರಿತ್ರೆಯನ್ನು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಹುಡುಗರು ಇದ್ದಕ್ಕಿದ್ದಂತೆ ಜಾಣರಾದದ್ದರಿಂದ ಈ ಪದ್ಧತಿ ಹುಟ್ಟಲಿಲ್ಲ. ಕಾಲೇಜುಗಳು ತಮ್ಮ ವೇಳಾಪಟ್ಟಿಯನ್ನೂ ಮೇಷ್ಟ್ರ ಕೆಲಸದ ಲೆಕ್ಕವನ್ನೂ ಬದಲಿಸಿದವು. ಆಮೇಲೆ ಪ್ರಬಂಧ ಸಾಧ್ಯವಾಯಿತು. ಈ ಬದಲಾವಣೆಯನ್ನು ಬಿಟ್ಟು ಪ್ರಬಂಧವನ್ನಷ್ಟೇ ತಂದ ಕಡೆ ಉಳಿಯುವುದು ಬೈಂಡು ಮಾಡಿಸಿದ ಕಾಗದ.

ಈ ಪದ್ಧತಿ ಎರಡು ಬೇರೆ ಬೇರೆ ಪರಂಪರೆಗಳು ಕೂಡಿ ಆದದ್ದು. ಆನರ್ಸ್ ಎಂಬ ಮನ್ನಣೆ ಇಂಗ್ಲೆಂಡಿನದು. ಆಕ್ಸ್‌ಫರ್ಡ್ 1800ರಲ್ಲಿ ಹೊಸ ಪರೀಕ್ಷಾ ನಿಯಮ ಮಾಡಿ, ಮೇಲ್ಮಟ್ಟದ ವಿದ್ಯಾರ್ಥಿಗಳನ್ನು ಪ್ರತ್ಯೇಕವಾಗಿ ಗುರುತಿಸಲು ತೊಡಗಿತು. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ರಾಬರ್ಟ್ ಪೀಲ್ 1808ರಲ್ಲಿ ಪ್ರಾಚೀನ ಸಾಹಿತ್ಯ ಮತ್ತು ಗಣಿತ ಎರಡರಲ್ಲೂ ಪ್ರಥಮ ದರ್ಜೆ ಪಡೆದು ಹೆಸರಾದದ್ದು ಈ ವ್ಯವಸ್ಥೆಯಲ್ಲೇ. ಆದರೆ ಅದು ಅಪ್ಪಟ ಪರೀಕ್ಷೆ. ಅದರಲ್ಲಿ ಸಂಶೋಧನೆಗೆ ಜಾಗವಿರಲಿಲ್ಲ. ಸಂಶೋಧನೆಯ ಪಾಠ ಬಂದದ್ದು ಜರ್ಮನಿಯಿಂದ. 1810ರಲ್ಲಿ ಶುರುವಾದ ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ಲಿಯೋಪೋಲ್ಡ್ ರಾಂಕೆ ವಿದ್ಯಾರ್ಥಿಗಳನ್ನು ಸುತ್ತ ಕೂರಿಸಿಕೊಂಡು ಮೂಲ ದಾಖಲೆಗಳನ್ನು ಓದಿಸುತ್ತಿದ್ದ ಸೆಮಿನಾರು ಇದರ ಮಾದರಿ. 1876ರಲ್ಲಿ ಆರಂಭವಾದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ ಅದನ್ನು ಅಮೆರಿಕಕ್ಕೆ ತಂದಿತಾದರೂ ಮುಖ್ಯವಾಗಿ ಪಿಎಚ್‌.ಡಿ. ಮಟ್ಟದಲ್ಲಿ ನೆಲೆಗೊಳಿಸಿತು. ಪದವಿಯ ಹುಡುಗರ ಪಾಲಿಗೆ ಉಳಿದದ್ದು ಉಪನ್ಯಾಸ, ಟಿಪ್ಪಣಿ, ಪರೀಕ್ಷೆ.

ಈ ಎರಡನ್ನೂ ಪದವಿ ತರಗತಿಯಲ್ಲಿ ಬೆಸೆಯುವ ಕೆಲಸ ಇಪ್ಪತ್ತನೆಯ ಶತಮಾನದ ಮೊದಲ ಮೂರು ದಶಕಗಳಲ್ಲಿ ನಡೆಯಿತು. ಪ್ರಿನ್ಸ್‌ಟನ್ನಿನ ಅಧ್ಯಕ್ಷರಾಗಿದ್ದ ವುಡ್ರೋ ವಿಲ್ಸನ್ 1905ರಲ್ಲಿ ಐವತ್ತರ ಹತ್ತಿರದಷ್ಟು ಹೊಸ ಅಧ್ಯಾಪಕರನ್ನು ಒಮ್ಮೆಲೇ ನೇಮಿಸಿದರು. ಹುಡುಗರ ಸಣ್ಣ ಗುಂಪುಗಳ ಜೊತೆ ಕೂತು ಓದಿದ್ದನ್ನು ಚರ್ಚಿಸುವುದು ಅವರ ಕೆಲಸ. ಈ ಬುನಾದಿಯ ಮೇಲೆ, ಗಣಿತಜ್ಞ ಲೂಥರ್ ಐಸನ್‌ಹಾರ್ಟ್ ಅವರ ಮುಂದಾಳತ್ವದಲ್ಲಿ, 1923ರಲ್ಲಿ ನಾಲ್ಕು ಕೋರ್ಸುಗಳ ಯೋಜನೆ ಬಂತು. ಕೊನೆಯ ಎರಡು ವರ್ಷ ಐದು ಕೋರ್ಸಿನ ಬದಲು ನಾಲ್ಕೇ. ಬಿಡುವಾದ ಹೊತ್ತು ಸ್ವತಂತ್ರ ಅಧ್ಯಯನಕ್ಕೆ, ಅದರ ಫಲವಾಗಿ ಪ್ರಬಂಧ. ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ ಫ್ರಾಂಕ್ ಏಡೆಲಾಟ್ 1922ರಲ್ಲಿ ಆರಂಭಿಸಿದ ಆನರ್ಸ್ ಕ್ರಮದಲ್ಲೂ ಇದೇ ತರ್ಕವಿತ್ತು. ರೋಡ್ಸ್ ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡಿನಲ್ಲಿ ಓದಿಬಂದಿದ್ದ ಅವರು ಆಯ್ದ ವಿದ್ಯಾರ್ಥಿಗಳಿಗೆ ಮಾಮೂಲಿ ತರಗತಿಗಳಿಂದ ವಿನಾಯಿತಿ ಕೊಟ್ಟು ಸೆಮಿನಾರುಗಳಲ್ಲಿ ಕೂರಿಸಿದರು, ಕೊನೆಗೆ ಹೊರಗಿನ ಪರೀಕ್ಷಕರನ್ನು ಕರೆಸಿದರು. ಪಾಠ ಮಾಡಿದವರೇ ಅಂಕ ಕೊಡುವವರಲ್ಲವಾದ್ದರಿಂದ ಮೇಷ್ಟ್ರು ವಿದ್ಯಾರ್ಥಿಯ ಪಕ್ಷದವರಾದರು. ಓರೆಗಾನಿನ ರೀಡ್ ಕಾಲೇಜು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪದವಿ ಪಡೆಯುವ ಪ್ರತಿಯೊಬ್ಬರಿಗೂ ಪ್ರಬಂಧವನ್ನೂ ಅದರ ಮೇಲಿನ ಮೌಖಿಕ ಪರೀಕ್ಷೆಯನ್ನೂ ಕಡ್ಡಾಯ ಮಾಡಿತು.

ಇಪ್ಪತ್ತೊಂದರ ಹುಡುಗ ಹುಡುಗಿಯರು ಹೊಸ ಜ್ಞಾನವನ್ನೇನು ಸೃಷ್ಟಿಸಿಯಾರು ಎಂಬ ಆಕ್ಷೇಪವುಂಟು. ಬಹುಪಾಲು ಪ್ರಬಂಧಗಳನ್ನು ಆಮೇಲೆ ಯಾರೂ ತೆರೆದು ನೋಡುವುದಿಲ್ಲ ಎಂಬುದೂ ನಿಜವೇ. ಆದರೆ ಈ ಆಕ್ಷೇಪ ಪ್ರಬಂಧವನ್ನು ಪಿಎಚ್‌.ಡಿ.ಯ ಅಳತೆಗೋಲಿನಿಂದ ಅಳೆಯುತ್ತದೆ. ಆ ಒಂದು ವರ್ಷದಲ್ಲಿ ನಡೆಯುವುದನ್ನು ಗಮನಿಸಿದರೆ ಅದರ ಗುರಿ ಬೇರೆಯೆಂದು ತಿಳಿಯುತ್ತದೆ. ಇಡೀ ದೇಶದ ವಲಸೆಯ ಚರಿತ್ರೆ ಬರೆಯಹೊರಟ ವಿದ್ಯಾರ್ಥಿ ಕ್ರಮೇಣ ಒಂದು ಊರಿಗೆ, ಒಂದು ದಶಕಕ್ಕೆ ಇಳಿಯುತ್ತಾನೆ. ಅಂದುಕೊಂಡಿದ್ದಕ್ಕೆ ದಾಖಲೆ ಸಾಕ್ಷಿ ಹೇಳದಾಗ ವಾದವನ್ನೇ ತಿದ್ದಬೇಕಾಗುತ್ತದೆ. ಮೊದಲು ಬರೆದ ಅಧ್ಯಾಯ ಎಷ್ಟೋ ಸಲ ಪೂರ್ತಿ ಕಸದ ಬುಟ್ಟಿಗೆ ಹೋಗುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆ ಬೇರೆಯವರದು, ಉತ್ತರ ಮೊದಲೇ ಗೊತ್ತಿರುವುದು; ಇಲ್ಲಿ ಎರಡೂ ಇಲ್ಲ. ತನ್ನ ಅಭಿಪ್ರಾಯವನ್ನು ಸಾಕ್ಷ್ಯದೆದುರು ಬಿಟ್ಟುಕೊಡುವುದನ್ನು ಕಲಿಯಲು ಪದವಿ ಶಿಕ್ಷಣದಲ್ಲಿ ಇಷ್ಟು ದೀರ್ಘವಾದ ಅವಕಾಶ ಇನ್ನೊಂದು ಸಿಗುವುದು ಕಷ್ಟ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಇದು ಉಳ್ಳವರ ಮಕ್ಕಳಿಗೆ ಒಗ್ಗುವ ಪದ್ಧತಿ. ಜಾನ್ ಎಫ್. ಕೆನಡಿ 1940ರಲ್ಲಿ ಹಾರ್ವರ್ಡಿಗೆ ಒಪ್ಪಿಸಿದ, ಮ್ಯೂನಿಕ್ ಒಪ್ಪಂದದ ಕುರಿತ ಪ್ರಬಂಧ ಅದೇ ವರ್ಷ ಪುಸ್ತಕವಾಯಿತು. ಆಗ ಅವರ ತಂದೆ ಲಂಡನ್ನಿನಲ್ಲಿ ಅಮೆರಿಕದ ರಾಯಭಾರಿ. ತಿದ್ದಿಕೊಟ್ಟವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಆರ್ಥರ್ ಕ್ರಾಕ್, ಮುನ್ನುಡಿ ಬರೆದವರು ಟೈಮ್ ಪತ್ರಿಕೆಯ ಹೆನ್ರಿ ಲೂಸ್. ಇಷ್ಟು ಬೆಂಬಲ ಎಷ್ಟು ಜನಕ್ಕಿದ್ದೀತು? ಇದರ ಪಕ್ಕದಲ್ಲಿ 1976ರ ಪ್ರಿನ್ಸ್‌ಟನ್ನಿನ ಇನ್ನೊಂದು ಪ್ರಬಂಧವನ್ನು ಇಡಬೇಕು. ನ್ಯೂಯಾರ್ಕಿನ ಬ್ರಾಂಕ್ಸಿನ ಸರ್ಕಾರಿ ವಸತಿ ಸಮುಚ್ಚಯದಲ್ಲಿ ಬೆಳೆದ ಸೋನಿಯಾ ಸೊಟೊಮಯೋರ್, ಪೋರ್ಟೊ ರಿಕೊದ ಮೊದಲ ಚುನಾಯಿತ ಗವರ್ನರ್ ಲೂಯಿಸ್ ಮುನ್ಯೋಸ್ ಮರೀನ್ ಅವರ ಕುರಿತು ಬರೆದರು. ಕಾಲೇಜಿಗೆ ಬಂದಾಗ ಅವರ ಇಂಗ್ಲಿಷ್ ಬರವಣಿಗೆ ದುರ್ಬಲವಾಗಿತ್ತು. ಇತಿಹಾಸದ ಪ್ರಾಧ್ಯಾಪಕ ಪೀಟರ್ ವಿನ್ ಆಕೆಗೆ ಪ್ರಬಂಧದ ಮಾರ್ಗದರ್ಶಕರಾದರು. ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಆಕೆ ಪದವಿ ಮುಗಿಸಿದ್ದು ಅತ್ಯುನ್ನತ ದರ್ಜೆಯಲ್ಲಿ. ಮನೆಯಿಂದ ಸಿಗದ ಬೆಂಬಲವನ್ನು ಕಾಲೇಜೇ ಕೊಟ್ಟಾಗ ಪದ್ಧತಿಯ ಪಕ್ಷಪಾತ ತಗ್ಗುತ್ತದೆ. ಹಾಗೆ ನೋಡಿದರೆ ಈ ಆಕ್ಷೇಪ ಮಾರ್ಗದರ್ಶನವಿಲ್ಲದ ಪ್ರಬಂಧಕ್ಕೆ ತಗಲುವಂಥದು.

ನಮ್ಮಲ್ಲಿಗೆ ಬಂದದ್ದು ಈ ಎರಡು ಪರಂಪರೆಗಳಲ್ಲಿ ಒಂದು ಮಾತ್ರ. 1857ರಲ್ಲಿ ಕಲ್ಕತ್ತ, ಬೊಂಬಾಯಿ, ಮದರಾಸುಗಳಲ್ಲಿ ಹುಟ್ಟಿದ ವಿಶ್ವವಿದ್ಯಾಲಯಗಳಿಗೆ ಮಾದರಿಯಾದದ್ದು ಪರೀಕ್ಷೆ ನಡೆಸಿ ಪದವಿ ಕೊಡುತ್ತಿದ್ದ ಲಂಡನ್ ವಿಶ್ವವಿದ್ಯಾಲಯ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ ಆನರ್ಸ್ ತರಗತಿಗಳು ಒಳ್ಳೆಯ ವಿದ್ವಾಂಸರನ್ನು ಕೊಟ್ಟವು, ಆದರೂ ಅಲ್ಲಿ ದರ್ಜೆಯನ್ನು ನಿರ್ಧರಿಸುತ್ತಿದ್ದುದು ಪರೀಕ್ಷೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ತೆರೆದ ನಾಲ್ಕು ವರ್ಷದ ಪದವಿಯಲ್ಲಿ ಕೊನೆಯ ವರ್ಷದ ಸಂಶೋಧನೆಗೆ ಸ್ಥಾನ ಸಿಕ್ಕಿತು. ಸಂಶೋಧನೆಯನ್ನೇ ವೃತ್ತಿ ಮಾಡಿಕೊಂಡ ಅಧ್ಯಾಪಕರು ಅಲ್ಲಿ ಮೊದಲೇ ಇದ್ದರು. ಕರ್ನಾಟಕ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ಎಲ್ಲ ಕಾಲೇಜುಗಳಿಗೂ ತಂದಿತು. ಮರುವರ್ಷ ಯುಜಿಸಿಯ ಚೌಕಟ್ಟು ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ. 75 ಅಂಕ ಪಡೆದವರಿಗೆ ಸಂಶೋಧನೆಯ ದಾರಿ ತೆರೆಯಿತು. 2024ರಲ್ಲಿ ರಾಜ್ಯ ಮೂರು ವರ್ಷದ ಪದವಿಗೆ ಮರಳಿತು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ದುಡಿಯುತ್ತಿರುವಾಗ ಪ್ರಬಂಧ ಐಷಾರಾಮವೆಂದು ವಾದಿಸುವುದು ಸುಲಭ. ಆ ವಾದದ ಅರ್ಧ ಸರಿ. ಆದರೆ ಪ್ರಿನ್ಸ್‌ಟನ್ನೂ ನೇಮಕಾತಿಯನ್ನು ಮೊದಲು ಮಾಡಿ, ಪ್ರಬಂಧವನ್ನು ಹದಿನೆಂಟು ವರ್ಷ ತಡವಾಗಿ ತಂದಿತು. ಮೂರು ವರ್ಷವೋ ನಾಲ್ಕು ವರ್ಷವೋ ಎಂಬ ಜಗ್ಗಾಟದಲ್ಲಿ ಆ ಕ್ರಮದ ಬಗ್ಗೆ ನಾವು ಕೇಳಿಕೊಳ್ಳಲೇ ಇಲ್ಲ. ಒಬ್ಬ ವಿದ್ಯಾರ್ಥಿಯ ಕರಡನ್ನು ಓದಿ ಅವನೊಡನೆ ಕೂತು ಮಾತಾಡುವ ಒಂದು ಗಂಟೆಯನ್ನು ಪಾಠದ ಗಂಟೆಯಂತೆಯೇ ಮೇಷ್ಟ್ರ ಕಾರ್ಯಭಾರದಲ್ಲಿ ಎಣಿಸಿ, ಅದಕ್ಕೆ ಸಂಬಳ ಕೊಡಲು ಕಾಲೇಜು ಸಿದ್ಧವಾದರೆ ಮೂರು ವರ್ಷದ ಪದವಿಯಲ್ಲೂ ಒಳ್ಳೆಯ ಪ್ರಬಂಧ ಬರೆಸಬಹುದು. ಸಿದ್ಧವಿಲ್ಲದಿದ್ದರೆ ಇನ್ನೊಂದು ವರ್ಷ ಸೇರಿಸಿಯೂ ಪ್ರಯೋಜನವಿಲ್ಲ.